ಸೆರಗೊಡ್ಡಿ ಕೇಳಿದ ಓಟು

ನಮ್ಮ ಭಾವ ಪಕ್ಷ ಬಿಟ್ಟ ಸುದ್ದಿ ನಮ್ಮ ಮನೆಗೆ ತಿಳಿದದ್ದು ಟಿ.ವಿ.ಯಿಂದ.

ಬೆಳಗಿನ ಹೊತ್ತು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಊಟದ ಡಬ್ಬಿ ತುಂಬುತ್ತಿದ್ದೆ. ನನ್ನ ಗಂಡ ಆಲೆಮನೆಗೆ ಹೋಗುವ ಮೊದಲು ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅತ್ತೆ ನೆಲದ ಮೇಲೆ ಕಾಲು ಚಾಚಿ, ನೆನೆಹಾಕಿದ ಅವರೆಕಾಳನ್ನು ಹಿಸುಕುತ್ತಿದ್ದರು. ಪರದೆಯ ಮೇಲೆ ಬೇರೆ ಯಾವುದೋ ರಾಜ್ಯದ ವಿಮಾನ ನಿಲ್ದಾಣ. ಬಿಳಿ ಬಟ್ಟೆ ಹಾಕಿದ ಗಂಡಸರು ಸಾಲಾಗಿ ಬಂದು ಒಂದು ಬಸ್ಸು ಹತ್ತುತ್ತಿದ್ದರು. ಕೆಲವರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು, ಕೆಲವರು ಮದುವೆಗೆ ಹೊರಟವರ ಹಾಗೆ ನಗುತ್ತಿದ್ದರು. ಶಾಸಕರು ರಾಜೀನಾಮೆ ಕೊಟ್ಟಿದ್ದಾರೆ, ಸರ್ಕಾರ ಬೀಳುವುದು ಖಚಿತ ಎಂದು ಟಿ.ವಿ.ಯ ಹುಡುಗಿ ಒಂದೇ ಸಮನೆ ಹೇಳುತ್ತಿದ್ದಳು.

ಅತ್ತೆಯ ಕೈ ನಿಂತಿತು. "ಅಲ್ನೋಡ್ಲಾ, ನಿಮ್ಮಣ್ಣ," ಎಂದರು.

ನನ್ನ ಗಂಡ ಕಣ್ಣು ಕಿರಿದು ಮಾಡಿ ನೋಡಿದರು. "ಇಲ್ಲ ಬುಡವ್ವ. ಅಣ್ಣ ಡೆಲ್ಲಿಗೆ ಓಗವ್ರೆ, ನೀರಾವರಿ ಮೀಟಿಂಗು ಅಂತ."

"ಮೊಕ ಮುಚ್ಕೊಂಡ್ರೆ ನಂಗೆ ಗೊತ್ತಾಗಕಿಲ್ವ? ಅವ್ನಿಗೆ ನಡ್ಯೋದು ಕಲ್ಸಿದೋಳು ನಾನು ಕಣ್ಲಾ."

ಅಷ್ಟರಲ್ಲಿ ಕೆಳಗಿನ ಪಟ್ಟಿಯಲ್ಲಿ ಹೆಸರುಗಳು ಓಡತೊಡಗಿದವು. ನಮ್ಮ ಕ್ಷೇತ್ರದ ಹೆಸರು ಬಂತು, ಅದರ ಹಿಂದೆಯೇ ನಮ್ಮ ಭಾವನ ಹೆಸರು. ಮೂವರೂ ಓದಿದೆವು. ಅತ್ತೆಗೆ ಓದಲು ಬರುವುದು ಅಷ್ಟಕ್ಕಷ್ಟೆ. ಆದರೆ ಮಗನ ಹೆಸರನ್ನು ಗೋಡೆಬರಹಗಳಲ್ಲಿ ನೋಡಿ ನೋಡಿ ಅವರಿಗೆ ಆ ಅಕ್ಷರಗಳು ಅಭ್ಯಾಸವಾಗಿದ್ದವು. ನನ್ನ ಗಂಡ ಅಣ್ಣನಿಗೆ ಫೋನು ಮಾಡಿದರು, ಸ್ವಿಚ್ ಆಫ್ ಆಗಿತ್ತು. ಬೆಂಗಳೂರಿನಲ್ಲಿದ್ದ ಓರಗಿತ್ತಿ ಅಕ್ಕನಿಗೆ ನಾನು ಮಾಡಿದೆ. ಅವರು ಅಳುತ್ತಿದ್ದರು. "ನಾನೂ ಈಗ ಟಿ.ವಿ.ಲಿ ನೋಡ್ದೆ ಕಣಮ್ಮ. ಡೆಲ್ಲಿಗೆ ಅಂತ ನಾನೇ ಸ್ವೆಟರ್ ಹಾಕಿ ಕಳ್ಸಿದ್ದೆ," ಎಂದರು.

ಆ ಮಾತು ನನ್ನನ್ನು ಅಲ್ಲಾಡಿಸಿಬಿಟ್ಟಿತು. ಹಿಂದಿನ ಭಾನುವಾರವಷ್ಟೇ ಭಾವ ಊರಿಗೆ ಬಂದಿದ್ದರು. ಇದೇ ನಡುಮನೆಯಲ್ಲಿ ಕೂತು ಮುದ್ದೆ ಉಂಡು, ತಮ್ಮನ ಜೊತೆ ಕಬ್ಬಿನ ತೋಟ ಸುತ್ತಿ, ಅತ್ತೆಯ ಮೊಣಕಾಲು ನೋವಿಗೆ ಮಂಡ್ಯದ ಯಾವ ಡಾಕ್ಟರ ಬಳಿ ಹೋಗಬೇಕೆಂದು ಹೇಳಿ ಹೊರಟಿದ್ದರು. ಆಗಲೇ ಅವರ ಮನಸ್ಸಿನೊಳಗೆ ಆ ಬಸ್ಸು ಹೊರಟು ನಿಂತಿತ್ತೇ? ಉಣ್ಣುವಾಗ ಅವರ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಾಮೂಲಿನಂತೆಯೇ ಇತ್ತು.

ನಮ್ಮದು ಮದ್ದೂರಿಗೂ ಮಳವಳ್ಳಿಗೂ ನಡುವಿನ ಊರು. ನನ್ನ ತವರು ಮಳವಳ್ಳಿ. ಮದುವೆಯಾಗಿ ಈ ಮನೆಗೆ ಬಂದಾಗ ಭಾವ ಹಾಲಿನ ಡೈರಿಯ ಅಧ್ಯಕ್ಷರು, ಅಷ್ಟೆ. ಮಂಡ್ಯದಲ್ಲಿ ಬಿ.ಎ. ಮುಗಿಸಿ ಬಂದವರು ಕೆಲಸ ಹುಡುಕಲಿಲ್ಲ. ಊರಿನಲ್ಲಿ ಬಸ್ಸು ನಿಲ್ಲಿಸುತ್ತಿರಲಿಲ್ಲವೆಂದು ಒಂದು ಬೆಳಿಗ್ಗೆ ರಸ್ತೆಯ ಮಧ್ಯೆ ಎಮ್ಮೆ ಕಟ್ಟಿ ತಾವೂ ಪಕ್ಕದಲ್ಲಿ ಕೂತರಂತೆ. ಅಂದಿನಿಂದ ಬಸ್ಸು ನಿಲ್ಲುತ್ತದೆ. ನಾಲೆಯ ಕೊನೆಭಾಗಕ್ಕೆ ನೀರು ಬರಲಿಲ್ಲವೆಂದು ಹೆದ್ದಾರಿ ತಡೆ ಮಾಡಿ ಜೈಲಿಗೂ ಹೋಗಿಬಂದರು. ಹಾಗೆ ಹೆಸರಾಯಿತು. ಹೆಸರಾದ ಮೇಲೆ ಟಿಕೆಟ್ಟು ಸಿಕ್ಕಿತು.

ಮೊದಲ ಸಲ ಸೋತರು. ಎರಡನೆಯ ಸಲ ನಿಂತಾಗ ಅತ್ತೆ ತಾವೇ ಪ್ರಚಾರಕ್ಕೆ ಹೊರಟರು. ಯಾರೂ ಕರೆದಿರಲಿಲ್ಲ. ಮಾವ ತೀರಿಹೋದ ಮೇಲೆ ಅತ್ತೆ ಹೊಸಿಲು ದಾಟಿ ಯಾರ ಮನೆಯ ಶುಭಕ್ಕೂ ಹೋದವರಲ್ಲ. ಅಂಥವರು ಮೊಣಕಾಲು ಹಿಡಿದುಕೊಂಡು ಊರೂರು ತಿರುಗಿದರು. ಮನೆ ಮನೆಯ ಮುಂದೆ ನಿಂತು, ಸೆರಗನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ಚಾಚಿ, "ನನ್ ಮಗ ಮಾರಾಟಕ್ಕಿರೋ ಎತ್ತಲ್ಲ ಕಣ್ರವ್ವ. ನಿಮ್ಮೊಟ್ಟೇಲಿ ಉಟ್ಟೋನು ಅನ್ಕೊಂಡು ಒಂದು ಓಟು ಆಕಿ," ಎನ್ನುತ್ತಿದ್ದರು. ಹೆಂಗಸರು ಸೆರಗಿಗೆ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಹಿಡಿ ಅಕ್ಕಿ ಹಾಕುತ್ತಿದ್ದರು. ನಮಗೆ ಆಗದವರ ಮನೆ, ಜಮೀನಿನ ವ್ಯಾಜ್ಯದಲ್ಲಿ ಕೋರ್ಟಿಗೆ ಎಳೆದವರ ಮನೆ, ಯಾವುದನ್ನೂ ಬಿಡಲಿಲ್ಲ. ಎಷ್ಟೋ ಕಡೆ ನಾನೂ ಜೊತೆಯಲ್ಲಿದ್ದೆ. ನಾನು ಓದಿಸುವುದು ರಾಜ್ಯಶಾಸ್ತ್ರ, ಆದರೆ ಚುನಾವಣೆ ಎಂದರೇನು ಎಂದು ನಾನು ಕಂಡದ್ದು ಆ ಸೆರಗಿನಲ್ಲಿ.

ಆ ಸಲ ಭಾವ ಗೆದ್ದರು. ಗೆಲ್ಲಿಸಿದ್ದು ಅವ್ವನ ಸೆರಗು ಎಂದು ಭಾಷಣದಲ್ಲಿ ಅವರೇ ಹೇಳಿದರು. ಅದರ ಮುಂದಿನ ಸಲವೂ ಹಾಗೆಯೇ ಗೆದ್ದರು. ಆ ಎರಡನೆಯ ಗೆಲುವಿನ ಅರ್ಧ ಅವಧಿಯೂ ಮುಗಿದಿರಲಿಲ್ಲ, ಅಷ್ಟರಲ್ಲಿ ಈ ವಿಮಾನ, ಈ ಬಸ್ಸು.

ಅಂದು ಮಧ್ಯಾಹ್ನ ನಮ್ಮ ಮನೆ ಮುಂದೆ ಜನ ಸೇರಿದರು. ಭಾವನ ಹೆಸರಿನ ಹುಲ್ಲಿನ ಬೊಂಬೆಗೆ ಪಂಚೆ ಉಡಿಸಿ ಬೆಂಕಿ ಕೊಟ್ಟರು. ಬೆಂಕಿ ಕೊಟ್ಟವರಲ್ಲಿ ಭಾವನ ಜೊತೆ ಹೆದ್ದಾರಿಯಲ್ಲಿ ಮಲಗಿ ಜೈಲಿಗೆ ಹೋದವರೂ ಇದ್ದರು. ಬೊಂಬೆ ಉರಿಯುವಾಗ ಒಬ್ಬಾತ ನನ್ನ ಗಂಡನನ್ನು ನೋಡಿ, "ಬೇಜಾರ್ ಮಾಡ್ಕೋಬೇಡ ಕಣಣ್ಣ, ನಿನ್ಗಲ್ಲ ಇದು," ಎಂದ. ಅತ್ತೆ ಜಗಲಿಯ ಮೇಲೆ ನಿಂತು ನೋಡಿದರು. ಒಳಗೆ ಬನ್ನಿ ಎಂದು ಕೈ ಹಿಡಿದರೆ ಬರಲಿಲ್ಲ. ಬೊಂಬೆ ಪೂರ್ತಿ ಉರಿದು ಬೂದಿಯಾಗುವವರೆಗೆ ನಿಂತಿದ್ದು, ಆಮೇಲೆ ತಾವೇ ಒಂದು ಬಿಂದಿಗೆ ನೀರು ತಂದು ಸುರಿದು, ಪೊರಕೆಯಲ್ಲಿ ಬಳಿದರು.

ಕಾಲೇಜಿನಲ್ಲಿ ನನಗೆ ಇನ್ನೊಂದು ಬಗೆಯ ಪರೀಕ್ಷೆ. ನಾನು ಆ ತಿಂಗಳು ಪಕ್ಷಾಂತರ ನಿಷೇಧದ ಪಾಠ ಮಾಡಬೇಕಿತ್ತು. ಮುಂದೂಡಲು ಆಗುತ್ತಿರಲಿಲ್ಲ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ಯಾವ ಕೊಂಕೂ ಇಲ್ಲದೆ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು: "ಮೇಡಂ, ರಾಜೀನಾಮೆ ಕೊಟ್ಟು ಹೋದ್ರೆ ಪಕ್ಷಾಂತರ ಅಲ್ವಾ?"

ನಾನು ಯಾರ ಮನೆಯವಳೆಂದು ಎಲ್ಲರಿಗೂ ಗೊತ್ತು. ಸ್ಪೀಕರ್ ರಾಜೀನಾಮೆ ಒಪ್ಪಿದರೆ ಸ್ಥಾನ ಖಾಲಿಯಾಗುತ್ತದೆ, ಉಪಚುನಾವಣೆ ನಡೆಯುತ್ತದೆ, ಅದೇ ವ್ಯಕ್ತಿ ಬೇರೆ ಪಕ್ಷದಿಂದ ನಿಲ್ಲಬಹುದು ಎಂದು ಪುಸ್ತಕದಲ್ಲಿದ್ದಂತೆ ಹೇಳಿದೆ. "ಹಾಗಾದ್ರೆ ಕಾನೂನು ಪ್ರಕಾರ ಸರಿ," ಎಂದು ಆಕೆ ಬರೆದುಕೊಂಡು ಕೂತಳು. ನಾನು ಪುಸ್ತಕದ ಮುಂದಿನ ಪುಟ ತಿರುಗಿಸಿದೆ.

ಸರ್ಕಾರ ಬಿತ್ತು. ಬೇರೆ ಸರ್ಕಾರ ಬಂತು. ಭಾವನ ರಾಜೀನಾಮೆ ಅಂಗೀಕಾರವಾಯಿತು. ಉಪಚುನಾವಣೆಯಲ್ಲಿ ಗೆದ್ದು ಬಂದರೆ ಮಂತ್ರಿ ಪದವಿ ಎಂದು ಪತ್ರಿಕೆಗಳು ಬರೆದವು. ಅಷ್ಟೂ ದಿನ ಅತ್ತೆ ಮಗನ ವಿಷಯ ಒಂದು ಮಾತೂ ಆಡಲಿಲ್ಲ. ಮಾಡಬೇಕಾದ ಕೆಲಸ ಮಾಡುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು. ಮರೆತರೇನೋ ಎಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಒಗೆದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು.

"ಎಲ್ಲಿಗೆ ಅತ್ತೆ?"

"ಬೆಸಗರಹಳ್ಳಿಗೆ."

"ಅಲ್ಲಿ ಯಾರಿದಾರೆ?"

"ಓಟು ಕೇಳಿದ್ ಮನೆಗಳವಲ್ಲ. ಓಗಿ ಮೊಕ ತೋರ್ಸಿ ಬತ್ತೀನಿ."

ನನ್ನ ಗಂಡ ಕೊಟ್ಟಿಗೆಯಿಂದ ಓಡಿ ಬಂದರು. "ಏನವ್ವ ಇದು? ಇರೋ ಮಾನಾನೂ ಓಯ್ತದೆ."

"ಓಗಾಯ್ತಲ್ಲ. ಇನ್ನೇನದೆ ಓಗಕ್ಕೆ?" ಎಂದು ಅತ್ತೆ ಮೆಟ್ಟಿಲಿಳಿದರು. ಅವರನ್ನು ಒಬ್ಬರನ್ನೇ ಕಳಿಸುವುದು ಹೇಗೆ? ನಾನೂ ಬ್ಯಾಗು ಹಿಡಿದು ಹಿಂದೆ ಹೊರಟೆ.

ಅಂದಿನಿಂದ ಪ್ರತಿ ಭಾನುವಾರ ಇದೇ ಕೆಲಸ. ಬಸ್ಸಿನಲ್ಲಿ ಹೋಗುವುದು, ಇಳಿದು ನಡೆಯುವುದು. ಬಾಗಿಲ ಮುಂದೆ ನಿಂತು ಅತ್ತೆ ಹೇಳುತ್ತಿದ್ದದ್ದು ಇಷ್ಟೆ: "ಅವತ್ತು ಬಂದು ಓಟು ಕೇಳ್ದೆ. ನನ್ ಮಾತ ನಂಬಿ ಆಕುದ್ರಿ. ನಮ್ಮೈದ ಇಂಗ್ ಮಾಡ್ತನೆ ಅಂತ ನಂಗೂ ಗೊತ್ತಿರ್ನಿಲ್ಲ. ತಪ್ಪಾಯ್ತು ಕಣ್ರವ್ವ."

ಕೇಳಿದವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಓಟು ಕೇಳಲು ಬಂದವರನ್ನು ಹೇಗೆ ಮಾತಾಡಿಸಬೇಕು ಎಂದು ಎಲ್ಲರಿಗೂ ಗೊತ್ತು. ತಪ್ಪಾಯ್ತು ಎಂದು ಬಂದವರನ್ನು ಹೇಗೆ ಮಾತಾಡಿಸಬೇಕೋ ಯಾರಿಗೂ ಗೊತ್ತಿರಲಿಲ್ಲ. ಕೆಲವರು ಗಾಬರಿಯಲ್ಲಿ ಕಾಫಿಗಿಟ್ಟರು. ಬೆಸಗರಹಳ್ಳಿಯಲ್ಲೇ ಒಬ್ಬಾಕೆ ನಮ್ಮ ಮುಖ ನೋಡಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ನನ್ನ ಕಿವಿಗೆ ಬಿತ್ತು. ಅತ್ತೆ ಮುಚ್ಚಿದ ಬಾಗಿಲಿಗೇ ಕೈ ಮುಗಿದು ಮುಂದಿನ ಮನೆಗೆ ನಡೆದರು. ಸೋಮನಹಳ್ಳಿ ಕಡೆಯ ಒಂದು ಅಂಗಡಿ ಮುಂದೆ ಕಾರ್ಖಾನೆ ಕೆಲಸಕ್ಕೆ ಹೋಗುವ ಯುವಕನೊಬ್ಬ, "ನಿನ್ ಪಾಲ್ಗೆ ಎಷ್ಟ್ ಬಂತು ದೊಡ್ಡವ್ವ?" ಎಂದು ಕೇಳಿದ. ಸುತ್ತ ಇದ್ದವರು ನಕ್ಕರು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನನ್ ಪಾಲ್ಗೆ ಈ ಮಾತು ಬಂತು ಕಣ್ ಮಗ," ಎಂದರು ಅತ್ತೆ. ನಗು ನಿಂತಿತು. ಆ ಯುವಕ ತಲೆ ತಗ್ಗಿಸಿದ.

ಚಿಕ್ಕರಸಿನಕೆರೆಯಿಂದ ಒಳಗೆ ಹೋದರೆ ಒಂದು ಸಣ್ಣ ಹಳ್ಳಿ. ಅಲ್ಲಿ ರೇಷ್ಮೆಹುಳು ಸಾಕುವ ಒಬ್ಬ ಹೆಂಗಸು ಇದ್ದಳು, ಅತ್ತೆಗಿಂತ ಚಿಕ್ಕವಳು. ಎರಡೂ ಚುನಾವಣೆಯಲ್ಲಿ ನಮ್ಮ ಜೊತೆ ತನ್ನ ಹಳ್ಳಿಯ ಮನೆಮನೆಗೂ ಬಂದಿದ್ದವಳು. ನಾವು ಹೋದಾಗ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಅತ್ತೆಯ ಮಾತು ಕೇಳಿ ಸೊಪ್ಪಿನ ಪುಟ್ಟಿ ಕೆಳಗಿಟ್ಟು, ಅವರನ್ನು ತಬ್ಬಿಕೊಂಡು ಅತ್ತಳು. "ನಾನು ಈ ಕೇರಿಗೆಲ್ಲ ಮಾತು ಕೊಟ್ಟಿದ್ದೆ ಕಣಕ್ಕ. ನನ್ನ ಮೊಕಕ್ಕೂ ಉಗುದ್ರು. ಇನ್ನು ನಮ್ಮನೇಲಿ ಒಂದ್ ಓಟೂ ಅವ್ರಿಗೆ ಬೀಳಕಿಲ್ಲ. ನಿನ್ ಮುಂದೆ ನಿಂತು ಯೋಳ್ತಿವ್ನಿ," ಎಂದಳು. ಅತ್ತೆಯೂ ಅತ್ತರು. ಅವರು ಅತ್ತದ್ದನ್ನು ಅಂದೇ ನಾನು ಮೊದಲು ಕಂಡದ್ದು. ಹೊರಡುವಾಗ ಆಕೆ ಬಲವಂತ ಮಾಡಿ ಇಬ್ಬರಿಗೂ ಅನ್ನ ಬಡಿಸಿದಳು.

ವಿಷಯ ಭಾವನಿಗೆ ಮುಟ್ಟದೆ ಇರುತ್ತದೆಯೇ? ಒಂದು ಬೆಳಿಗ್ಗೆ ಮುಂದೆ ಪೊಲೀಸ್ ಜೀಪು, ಹಿಂದೆ ನಾಲ್ಕಾರು ಕಾರು ನಮ್ಮ ಮನೆ ಮುಂದೆ ನಿಂತವು. ಎಷ್ಟೋ ತಿಂಗಳ ಮೇಲೆ ಭಾವನನ್ನು ನೋಡಿದೆ. ತೂಕ ಇಳಿದಿದ್ದರು, ಕಣ್ಣ ಕೆಳಗೆ ಕಪ್ಪಾಗಿತ್ತು. ಒಳಗೆ ಬಂದು ಅವ್ವನ ಕಾಲು ಮುಟ್ಟಿದರು. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಗನ್‌ಮ್ಯಾನ್ ಬಾಗಿಲಲ್ಲಿ ನಿಂತ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿದೆ.

"ಅವ್ವ, ಮನೆ ಮನೆಗೆ ಓಗಿ ತಪ್ಪಾಯ್ತು ಅಂತಿದ್ದೀಯಂತೆ."

"ಊ. ಓಯ್ತಿವ್ನಿ."

"ನನ್ನ ಸೋಲುಸ್ಬೇಕು ಅಂತ್ಲಾ?"

"ನಿಂಗೆ ಆಕ್ಬ್ಯಾಡಿ ಅಂತ ನಾನು ಯಾರ್ಗೂ ಅಂದಿಲ್ಲ. ನಾನು ಕೊಟ್ ಮಾತಿನ ವಿಚಾರ ಅದು."

ಭಾವ ನೆಲದ ಮೇಲೆಯೇ ಕೂತರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೋಡವ್ವ, ಅಲ್ಲಿ ನನ್ನ ಮಾತು ಯಾರೂ ಕೇಳ್ತಿರ್ನಿಲ್ಲ. ಒಂದು ತೂಬು ರಿಪೇರಿಗೆ ಆಫೀಸಿಂದ ಆಫೀಸಿಗೆ ಅಲೆದಾಡ್ದೆ. ಕೊನೆಭಾಗದ ಗದ್ದೆ ಒಣಗ್ತಾ ಇದ್ರೆ ನಾನು ಎಮ್ಮೆಲ್ಲೆ ಅಂತ ಕಾರಲ್ಲಿ ತಿರುಗ್ಬೇಕಾ? ಮಂತ್ರಿ ಆದ್ರೆ ನಾಲೆ ಕೆಲ್ಸ ಮಾಡ್ಸೇ ಮಾಡುಸ್ತೀನಿ. ಜನಕ್ಕೋಸ್ಕರಾನೇ ಕಣವ್ವ."

ಅದು ಪೂರ್ತಿ ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು. ಅಲೆದದ್ದು ನಿಜ, ಕಡತ ಹಿಡಿದು ಕಾದದ್ದು ನಿಜ. ಬೇರೆ ಏನೇನು ನಿಜವೋ ನಮಗೆ ತಿಳಿಯಲು ದಾರಿಯಿರಲಿಲ್ಲ. ಊರಿನವರು ದುಡ್ಡಿನ ಲೆಕ್ಕ ಹೇಳುತ್ತಿದ್ದರು, ನಾವು ಕೇಳಿಸಿಕೊಳ್ಳುತ್ತಿದ್ದೆವು.

ಅತ್ತೆ ಕೇಳಿದರು: "ಅಂಗಾದ್ರೆ ಅದ್ನ ಓಗೋಕ್ ಮುಂಚೆ ಯೋಳ್ಬೋದಿತ್ತಲ್ಲ. ಆ ಬಾನುವಾರ ಇಲ್ಲೇ ಕುಂತು ಉಂಡಲ್ಲ."

"ಯೋಳಿದ್ರೆ ಬುಡ್ತಿದ್ಯಾ?"

"ಬುಡ್ತಿರ್ನಿಲ್ಲ. ಅದ್ಕೇ ನೀನು ಯೋಳ್ನಿಲ್ಲ." ಅತ್ತೆಯ ದನಿ ಏರಲಿಲ್ಲ. "ನಾನು ಸೆರಗೊಡ್ಡಿ ಕೇಳಿದ್ ಓಟು ಕಣ್ಲಾ ಅವು. ಯಾರ್ನ ಕೇಳಿ ತಕೊಂಡೋದೆ?"

ಟಿ.ವಿ.ಯವರ ನಾಲ್ಕು ಮೈಕುಗಳಿಗೆ ಒಟ್ಟಿಗೆ ಮಾತಾಡಬಲ್ಲ ಭಾವ ನೆಲ ನೋಡುತ್ತ ಕೂತರು. ಆಮೇಲೆ ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಕೇಳಿದರು: "ಈ ಸಲ ನಂಗೆ ಆಕ್ತೀಯೋ, ಇಲ್ವೋ?"

"ಆಕಕಿಲ್ಲ."

ಅಷ್ಟು ಸರಳವಾಗಿ ಅಂದರು. ಉಪ್ಪು ಬೇಕೇ ಎಂದರೆ ಬೇಡ ಎಂದ ಹಾಗೆ. ಬಾಗಿಲಲ್ಲಿದ್ದ ಗನ್‌ಮ್ಯಾನ್ ಕೂಡ ಮುಖ ಆಚೆ ತಿರುಗಿಸಿದ. ನನ್ನ ಗಂಡ, "ಅವ್ವ, ಮಾತಿಗಾದ್ರೂ ಆಕ್ತೀನಿ ಅನ್ನು," ಎಂದು ಬೇಡಿಕೊಂಡರು. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ಕಾರುಗಳು ಹೋದ ಮೇಲೂ ರಸ್ತೆಯ ಧೂಳು ಜಗಲಿಯ ಮೇಲೆ ಕೂತಿತ್ತು. ನಾನು ಬಟ್ಟೆ ತಂದು ಒರೆಸಿದೆ.

ಪ್ರಚಾರದ ದಿನಗಳಲ್ಲಿ ಅತ್ತೆ ಯಾರ ಪರವಾಗಿಯೂ ಹೊರಗೆ ಹೋಗಲಿಲ್ಲ. ಎದುರು ಪಕ್ಷದವರು ಬಂದು ವೇದಿಕೆಗೆ ಕರೆದರು. "ನಿಮ್ಗೆ ಆಕಿ ಅಂತ ನಾನ್ಯಾವತ್ತು ಅಂದೆ?" ಎಂದು ಕಳಿಸಿಬಿಟ್ಟರು. ನನ್ನ ಗಂಡ ಅಣ್ಣನ ಜೊತೆ ಪ್ರಚಾರಕ್ಕೆ ಹೋಗಿಬರುತ್ತಿದ್ದರು. ನಾನು ತಡೆಯಲಿಲ್ಲ, ಅತ್ತೆಯೂ ತಡೆಯಲಿಲ್ಲ. ಅತ್ತೆಯೂ ನನ್ನ ಗಂಡನೂ ಒಟ್ಟಿಗೆ ಊಟಕ್ಕೆ ಕೂತು ಆ ವಿಷಯ ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದರು.

ಮತದಾನದ ದಿನ ನಮ್ಮೂರ ಶಾಲೆಯ ಮುಂದೆ ಟಿ.ವಿ. ಚಾನೆಲ್ಲುಗಳ ವಾಹನಗಳು ಬಂದಿದ್ದವು. ಅಭ್ಯರ್ಥಿಯ ತಾಯಿ ಓಟು ಹಾಕುವ ಚಿತ್ರ ಅವರಿಗೆ ಬೇಕಿತ್ತು. ನಾನು ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದೆ. ಹೊರಗೆ ಬರುವಾಗ ಒಬ್ಬ ಹುಡುಗಿ ಮೈಕು ಹಿಡಿದಳು.

"ಅಜ್ಜಿ, ಮಗನಿಗೆ ಆಶೀರ್ವಾದ ಮಾಡಿದ್ರಾ? ಮಗನಿಗೇ ಓಟು ಹಾಕಿದ್ರಿ ತಾನೆ?"

"ಇಲ್ಲ ಕಣಮ್ಮ. ಅವ್ನಿಗೆ ಆಕ್ನಿಲ್ಲ."

ಆ ಹುಡುಗಿ ಕ್ಯಾಮೆರಾದವನ ಮುಖ ನೋಡಿದಳು. ನಾನು ಅತ್ತೆಯ ತೋಳು ಹಿಡಿದು ಎಳೆದೆ. ಬೂತಿನ ಏಜೆಂಟುಗಳು, ಸಾಲಿನಲ್ಲಿ ನಿಂತವರು, ಪೊಲೀಸರು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. "ಯಾಕಜ್ಜಿ?" ಎಂದು ಆಕೆ ಕೊನೆಗೆ ಕೇಳಿದಳು.

"ಕೇಳ್ದೆ ಓದ, ಅದ್ಕೆ," ಎಂದು ಅತ್ತೆ ನಡೆದರು.

ಆ ದಿನವೆಲ್ಲ ಅದೇ ಸುದ್ದಿ. ಶಾಯಿ ಹಚ್ಚಿದ ಬೆರಳು, ಸುಕ್ಕುಗಟ್ಟಿದ ಮುಖ, ಆ ಎರಡು ಮಾತು. ಓರಗಿತ್ತಿ ಅಕ್ಕ ಫೋನು ಮಾಡಿ ನನ್ನ ಮೇಲೆ ಕೂಗಾಡಿದರು. "ನೀನಾದ್ರೂ ಬಾಯಿ ಮುಚ್ಚಿಸ್ಬಾರ್ದಿತ್ತಾ?" ಎಂದರು. ಅತ್ತೆಯ ಬಾಯಿ ಮುಚ್ಚಿಸುವ ಕೈ ಯಾರದ್ದಿದೆ? ಭಾವ ಸೋತ ಹಾಗೆಯೇ ಎಂದು ಎಲ್ಲ ಚಾನೆಲ್ಲುಗಳೂ ತೀರ್ಮಾನಿಸಿದವು. ನಾನೂ ತೀರ್ಮಾನಿಸಿದ್ದೆ. ನಾವು ಹೋದ ಮನೆಗಳಲ್ಲಿ ನೋಡಿದ ಮುಖಗಳು, ಕೇಳಿದ ಮಾತುಗಳು ನನ್ನ ಮುಂದಿದ್ದವು. ಅದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?

ಎಣಿಕೆಯ ದಿನ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ಮೊದಲ ಸುತ್ತಿನಲ್ಲೇ ಭಾವ ಮುಂದಿದ್ದರು. ಎರಡನೆಯದರಲ್ಲೂ ಮುಂದೆ. ಎಲ್ಲೋ ತಪ್ಪಾಗಿದೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಮಂಡ್ಯದ ಎಣಿಕೆ ಕೇಂದ್ರದ ಮುಂದೆ ಪಟಾಕಿ ಹೊಡೆಯುವುದು ಟಿ.ವಿ.ಯಲ್ಲಿ ಕಂಡಿತು. ಹಿಂದಿನ ಎರಡು ಸಲಕ್ಕಿಂತ ದೊಡ್ಡ ಅಂತರದಲ್ಲಿ ಗೆದ್ದಿದ್ದರು. ಬಾಗಿಲು ಹಾಕಿಕೊಂಡ ಬೆಸಗರಹಳ್ಳಿ, ನಕ್ಕ ಸೋಮನಹಳ್ಳಿ, ತಬ್ಬಿಕೊಂಡು ಅತ್ತ ರೇಷ್ಮೆಯವಳ ಹಳ್ಳಿ, ಎಲ್ಲ ಕಡೆಯೂ ಅವರದೇ ಮುನ್ನಡೆ. ಸಹೋದ್ಯೋಗಿಗಳು ನನ್ನ ಕೈ ಕುಲುಕಿದರು. ನಾನು ನಗಬೇಕೋ ಬೇಡವೋ ತಿಳಿಯದೆ ಕುರ್ಚಿಯಲ್ಲಿ ಕೂತೇ ಇದ್ದೆ. ಭಾವ ಪಕ್ಷ ಬಿಟ್ಟ ಬೆಳಿಗ್ಗೆಗಿಂತ ಆ ಮಧ್ಯಾಹ್ನ ನನಗೆ ಹೆಚ್ಚು ಆಘಾತವಾಯಿತು. ಆ ಬೆಳಿಗ್ಗೆ ನನಗೆ ಅರ್ಥವಾಗದೆ ಉಳಿದದ್ದು ಒಬ್ಬ ಮನುಷ್ಯ. ಈಗ ಅರ್ಥವಾಗದೆ ಉಳಿದದ್ದು ನನ್ನ ಸುತ್ತಿನ ಊರೆಲ್ಲ.

ಮನೆಗೆ ಬಂದಾಗ ಬೊಂಬೆ ಸುಟ್ಟ ಜಾಗದಲ್ಲೇ ತಮಟೆ ಬಡಿಯುತ್ತಿದ್ದರು. ಸುಟ್ಟವರಲ್ಲಿ ಕೆಲವರು ಕುಣಿಯುತ್ತಿದ್ದರು. ಅತ್ತೆ ಒಳಗೆ ಕೂತಿದ್ದರು. ನನ್ನನ್ನು ನೋಡಿ, "ನಿಜವೇನಮ್ಮಿ?" ಎಂದು ಕೇಳಿದರು. ಹೌದೆಂದೆ. "ಅತ್ತಿದ್ದೆಲ್ಲ ಏನಂಗಾರೆ?" ಎಂದರು.

ಭಾವ ಮಂತ್ರಿಯಾದರು. ಪ್ರಮಾಣವಚನಕ್ಕೆ ಕಾರು ಕಳಿಸಿದ್ದರು. ನನ್ನ ಗಂಡ ಹೋದರು. ಅತ್ತೆ ಹೋಗಲಿಲ್ಲ, ಟಿ.ವಿ.ಯನ್ನೂ ಹಾಕಲಿಲ್ಲ. ತಾಯಿ ಮಗನ ನಡುವೆ ಮಾತು ಪೂರ್ತಿ ನಿಂತಿತ್ತು. ಭಾವ ಮದ್ದೂರಿಗೆ ಸಭೆಗಳಿಗೆ ಬಂದು ಹೋಗುತ್ತಿದ್ದರು, ಮನೆಗೆ ಬರುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ರೇಷ್ಮೆಹುಳು ಸಾಕುವ ಆ ಹೆಂಗಸು ಆಟೋದಲ್ಲಿ ಬಂದಿಳಿದಳು. ತಲೆ ಕೆದರಿತ್ತು, ಕಾಲಿಗೆ ಚಪ್ಪಲಿಯಿರಲಿಲ್ಲ. ಅವಳ ಗಂಡನಿಗೆ ಎದೆನೋವು ಬಂದು ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಕೂಡಲೇ ಬೆಂಗಳೂರಿಗೆ ಒಯ್ಯಿರಿ ಎಂದಿದ್ದರು ಡಾಕ್ಟರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಹಾಸಿಗೆ ಖಾಲಿಯಿಲ್ಲ ಎಂಬ ಉತ್ತರ. "ಅಕ್ಕ, ನಿನ್ ಮಗನ್ಗೆ ಒಂದ್ ಮಾತು ಯೋಳು. ಮಂತ್ರಿ ಫೋನು ಮಾಡಿದ್ರೆ ಬೆಡ್ಡು ಕೊಡ್ತರಂತೆ," ಎಂದು ಅತ್ತೆಯ ಮೊಣಕಾಲು ಹಿಡಿದುಕೊಂಡಳು.

ಅತ್ತೆ ಅವಳನ್ನೇ ನೋಡಿದರು. "ಒಂದ್ ಮಾತು ಕೇಳ್ತೀನಿ. ಓಟು ಯಾರ್ಗಾಕ್ದೆ?"

ಇಂಥ ಹೊತ್ತಿನಲ್ಲಿ ಇದೇನು ಪ್ರಶ್ನೆ ಎಂದು ನನಗೆ ಗಾಬರಿಯಾಯಿತು. ಆಕೆಗೆ ಮಾತ್ರ ಗಾಬರಿಯಾಗಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು: "ಅವ್ರಿಗೇ ಆಕ್ದೆ ಕಣಕ್ಕ. ಸುಳ್ಳು ಯೋಳಕಿಲ್ಲ. ಅವತ್ತು ಅತ್ತಿದ್ದೂ ಸುಳ್ಳಲ್ಲ. ಮಂತ್ರಿ ಆಯ್ತರೆ ಅಂತಿದ್ರು. ನಮ್ಮಂತೋರ್ಗೆ ಒಂದಿನ ಬೇಕಾಯ್ತದೆ ಅನ್ನುಸ್ತು. ಇವತ್ತು ಬೇಕಾಯ್ತು."

ಇಷ್ಟು ವರ್ಷ ಪಾಠ ಮಾಡಿದ ನನಗೆ ಯಾರೂ ಇಷ್ಟು ನೇರವಾಗಿ ಈ ಮಾತು ಹೇಳಿರಲಿಲ್ಲ.

ಅತ್ತೆ ಅವಳ ಕೈಯನ್ನು ಮೊಣಕಾಲಿನಿಂದ ಬಿಡಿಸಿದರು. ಬೈಯುತ್ತಾರೆ ಎಂದುಕೊಂಡೆ. "ಫೋನು ತಕೊಂಬಾಮ್ಮಿ," ಎಂದರು ನನಗೆ. "ಅವ್ನ ನಂಬರು ಒತ್ತು."

ಒತ್ತಿ, ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟೆ. ಯಾರೋ ಸಹಾಯಕ ಎತ್ತಿದ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದ. "ಅವ್ರವ್ವ ಅಂತ ಯೋಳು," ಎಂದರು ಅತ್ತೆ. ಅತ್ತ ಕಡೆ ಕುರ್ಚಿ ಸರಿದ ಸದ್ದು, ಬಾಗಿಲ ಸದ್ದು. ಆಮೇಲೆ ಭಾವನ ದನಿ. ಬರೀ "ಅವ್ವ?" ಎಂದರು. ಚಿಕ್ಕ ಹುಡುಗನೊಬ್ಬ ಕತ್ತಲೆಯಲ್ಲಿ ಕರೆದ ಹಾಗಿತ್ತು.

ಅತ್ತೆ ಕುಶಲ ಕೇಳಲಿಲ್ಲ. ರೋಗಿಯ ಹೆಸರು, ಊರು, ಯಾವ ವಾರ್ಡು, ಡಾಕ್ಟರು ಏನಂದರು, ಅಷ್ಟನ್ನೂ ತಡವರಿಸದೆ ಹೇಳಿದರು. "ಬೇಗ ನೋಡ್ಲಾ. ಆವಯ್ಯ ಉಳೀಬೇಕು," ಎಂದರು.

"ಆಯ್ತವ್ವ. ಈಗ್ಲೇ ಮಾಡ್ತೀನಿ. ನೀನು ಎಂಗಿದ್ದೀಯ?"

"ಅದು ಆಮ್ಯಾಕೆ," ಎಂದು ಫೋನು ನನಗೆ ಕೊಟ್ಟರು.

ಆ ಮನುಷ್ಯ ಉಳಿದ. ಆಂಬುಲೆನ್ಸು ಬೆಂಗಳೂರು ಮುಟ್ಟುವ ಹೊತ್ತಿಗೆ ಹಾಸಿಗೆ ಸಿದ್ಧವಾಗಿತ್ತಂತೆ. ಆಪರೇಷನ್ ಆಗಿ ಹಳ್ಳಿಗೆ ಮರಳಿ, ಈಗ ಮತ್ತೆ ಸೊಪ್ಪು ಕಡಿಯುತ್ತಾನೆ. ಅಂದು ಅದೇ ಹಾಸಿಗೆಗೆ ಇನ್ಯಾರು ಕಾದಿದ್ದರೋ, ಅವರ ಕಡೆಯಿಂದ ಫೋನು ಮಾಡುವವರು ಇದ್ದರೋ ಇಲ್ಲವೋ ಎಂಬ ಯೋಚನೆ ನನಗೆ ಬಂತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆಮೇಲೆ ಭಾವ ಮನೆಗೆ ಬರತೊಡಗಿದರು. ಅತ್ತೆ ಬಡಿಸುತ್ತಾರೆ, ಅವರು ಉಣ್ಣುತ್ತಾರೆ. ಮೊಣಕಾಲಿನ ಮಾತು, ಮಳೆಯ ಮಾತು ಆಡುತ್ತಾರೆ. ಆ ಬಸ್ಸಿನ ಮಾತು ಇಬ್ಬರೂ ಎತ್ತುವುದಿಲ್ಲ. ನಾಲೆಯ ಕೆಲಸ ಸ್ವಲ್ಪ ನಡೆಯಿತು, ಕೊನೆಭಾಗದ ಎಷ್ಟೋ ಗದ್ದೆಗೆ ನೀರು ಬಂತು, ಇನ್ನೆಷ್ಟೋ ಗದ್ದೆಗೆ ಬರಲಿಲ್ಲ. ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಭಾವ ಸೋತರು. ಅದಕ್ಕೆ ಯಾರೂ ಬೊಂಬೆ ಸುಡಲಿಲ್ಲ, ತಮಟೆಯನ್ನೂ ಬಡಿಯಲಿಲ್ಲ. ಯಾಕೆ ಸೋಲಿಸಿದಿರಿ ಎಂದು ನಾನೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ಅವರು ಏನು ಹೇಳಿಯಾರು, ಹೇಳಿದ್ದನ್ನು ನಾನು ಎಷ್ಟು ನಂಬಬೇಕು ಎಂಬುದು ನನಗೆ ತಿಳಿಯದಾಗಿದೆ. ಈಗ ಭಾವ ಮತ್ತೊಂದು ಪಕ್ಷದ ಕಡೆ ನೋಡುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಬರುತ್ತಿದೆ.

ಹೋದ ವಾರ ಅವರು ಊಟಕ್ಕೆ ಬಂದಿದ್ದಾಗ ಅತ್ತೆ ಸಾರು ಬಡಿಸುತ್ತ ಕೇಳಿದರು: "ಪೇಪರ್ನೋರು ಬರ್ದವ್ರಂತಲ್ಲ, ನಿಜವೇನ್ಲಾ?"

ಭಾವ ತುತ್ತು ನುಂಗಿ, "ಇನ್ನೂ ಏನೂ ಇಲ್ಲವ್ವ. ಇದ್ರೆ ಯೋಳ್ತೀನಿ," ಎಂದರು.

ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಮಾಮೂಲಿನಂತೆಯೇ ಇತ್ತು.